ಥಿಯೇಟರ್ ತೆರೆದ ಮೇಲೂ ಒಂದನೇ ಕ್ಲಾಸ್ ಯಾಕೆ ಮುಚ್ಚಿತ್ತು?

ಓದುಗರ ಪ್ರಶ್ನೆ: ಕೊರೊನಾ ಟೈಮಲ್ಲಿ ವೈನ್ ಶಾಪ್ ತೆಗೆದ್ರು, ಎಲೆಕ್ಷನ್ ಮಾಡಿದ್ರು, ಸಿನಿಮಾ ಥಿಯೇಟರ್‌ಗೂ ಬಿಟ್ರು. ನನ್ನ ಮಗಳ ಶಾಲೆ ಮಾತ್ರ ಒಂದೂವರೆ ವರ್ಷದ ಮೇಲೆ ಬಾಗಿಲು ಹಾಕಿತ್ತು. ಆಗ ಒಂದನೇ ಕ್ಲಾಸಿಗೆ ಸೇರಿಸಿದ್ವಿ. ಇವತ್ತಿಗೂ ಒತ್ತಕ್ಷರ ಬಂದ್ರೆ ತಡವರಿಸ್ತಾಳೆ. ಯಾರನ್ನ ಕೇಳಿದ್ರೂ 'ಮೇಲಿನವರು ಮಾಡಿದ್ದು' ಅಂತಾರೆ. ಈ ಮೇಲಿನವರು ಯಾರು ಸ್ವಾಮಿ? (ಮಂಡ್ಯ ಜಿಲ್ಲೆಯಿಂದ)

ಉತ್ತರ: ಮಂಡ್ಯ, ಮೈಸೂರು ಕಡೆಯಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಟಿವಿಯಲ್ಲಿ ಹೊಸ ವೈರಸ್ ಸುದ್ದಿ ಬಂದ ವಾರವಂತೂ ಜಾಸ್ತಿ. ಕೇಳುವ ದನಿ ಬೇರೆ ಬೇರೆ ಇರಬಹುದು, ಹೊಟ್ಟೆಯೊಳಗಿನ ಸಂಕಟ ಒಂದೇ.

ಮೊದಲು 'ಮೇಲಿನವರು' ಯಾರು ಅಂತ ನೋಡೋಣ. ಶಾಲೆ ಮುಚ್ಚಿದ್ದು ಹೆಡ್‌ಮಾಸ್ಟರ್ ಅಲ್ಲ, ತಾಲ್ಲೂಕಿನ ಶಿಕ್ಷಣಾಧಿಕಾರಿ ಬಿಇಒ ಅಲ್ಲ. ನಿಜ ಹೇಳಬೇಕೆಂದರೆ ಶಿಕ್ಷಣ ಇಲಾಖೆ ಒಂದೇ ಕೂತು ಮಾಡಿದ ತೀರ್ಮಾನವೂ ಅಲ್ಲ. ಆ ಎರಡು ವರ್ಷ ರಾಜ್ಯ ನಡೆದದ್ದು 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಮೇಲೆ. ಆ ಕಾಯ್ದೆಯಲ್ಲಿ ರಾಜ್ಯಕ್ಕೆ ಒಂದು ಕಾರ್ಯಕಾರಿ ಸಮಿತಿ ಇದೆ, ಅದಕ್ಕೆ ಮುಖ್ಯ ಕಾರ್ಯದರ್ಶಿ ಅಧ್ಯಕ್ಷರು. ಜಿಲ್ಲೆಯಲ್ಲಿ ಪ್ರಾಧಿಕಾರ ಇದೆ, ಅದಕ್ಕೆ ಡಿಸಿ ಅಧ್ಯಕ್ಷರು. ವಿಪತ್ತು ನಿರ್ವಹಣೆ ಬರುವುದು ಕಂದಾಯ ಇಲಾಖೆಯ ಕೆಳಗೆ. ಸಲಹೆ ಕೊಡಲು ಡಾ. ಎಂ.ಕೆ. ಸುದರ್ಶನ್ ಅಧ್ಯಕ್ಷತೆಯ ತಾಂತ್ರಿಕ ಸಲಹಾ ಸಮಿತಿ ಇತ್ತು. ಎಲ್ಲಕ್ಕೂ ಮೇಲೆ ಮುಖ್ಯಮಂತ್ರಿ ಮತ್ತು ಸಚಿವರ ಸಭೆ. ಇಷ್ಟೆಲ್ಲ ಆದ ಮೇಲೆ ಮಾಧ್ಯಮದವರ ಮುಂದೆ ಬಂದು ಹೇಳುತ್ತಿದ್ದವರು ಶಿಕ್ಷಣ ಸಚಿವರು. ಮೊದಲು ಎಸ್. ಸುರೇಶ್ ಕುಮಾರ್, 2021ರ ಆಗಸ್ಟ್‌ನಿಂದ ಬಿ.ಸಿ. ನಾಗೇಶ್. ಜನರ ಬೈಗುಳವೆಲ್ಲ ಇವರಿಬ್ಬರ ಪಾಲಿಗೆ ಬಂತು. ಸಹಿ ಹಾಕಿದ ಅಧಿಕಾರಿಗಳ ಹೆಸರು ಯಾರ ಬಾಯಿಗೂ ಬರಲಿಲ್ಲ.

ಹಾಗಂತ ಮುಚ್ಚಿದ್ದೇ ತಪ್ಪು ಎನ್ನುವ ಮಾತು ನಾನು ಒಪ್ಪುವುದಿಲ್ಲ. 2020ರ ಮಾರ್ಚ್ ತಿಂಗಳನ್ನು ನೆನೆಸಿಕೊಳ್ಳಿ. ನಂಜನಗೂಡಿನ ಔಷಧ ಕಾರ್ಖಾನೆಯಿಂದ ಶುರುವಾದ ಸೋಂಕು ಇಡೀ ಮೈಸೂರು ಜಿಲ್ಲೆಯನ್ನು ನಡುಗಿಸಿತ್ತು. ಮೇ ತಿಂಗಳಲ್ಲಿ ಮುಂಬೈಯಿಂದ ಊರಿಗೆ ಮರಳಿದವರಿಂದ ಕೆ.ಆರ್. ಪೇಟೆ ಕಡೆ ಪ್ರಕರಣ ಏರಿದಾಗ ಎಷ್ಟೋ ಹಳ್ಳಿಯವರು ದಾರಿಗೆ ತಾವೇ ಮುಳ್ಳು ಹಾಕಿ ಕೂತಿದ್ದರು. ಆಗ ಶಾಲೆ ತೆರೆಯಿರಿ ಅಂತ ಯಾರಾದರೂ ಕೇಳಿದ್ವಾ? ಇಲ್ಲ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರು, ಲಸಿಕೆ ಇರಲಿಲ್ಲ.

ಸಿಟ್ಟು ಹುಟ್ಟಿದ್ದು ಆಮೇಲೆ. 2020ರ ಮೇ 4ಕ್ಕೆ ಮದ್ಯದಂಗಡಿ ತೆರೆಯಿತು, ಸರದಿ ಸಾಲು ಟಿವಿಯಲ್ಲಿ ಬಂತು. ಜೂನ್ 25ರಿಂದ ಎಸ್‌ಎಸ್‌ಎಲ್‌ಸಿ ಪರೀಕ್ಷೆ ನಡೆಯಿತು. ಲಕ್ಷಗಟ್ಟಲೆ ಮಕ್ಕಳು ಮಾಸ್ಕ್ ಹಾಕಿ, ಜ್ವರ ನೋಡಿಸಿಕೊಂಡು, ದೂರ ದೂರ ಕೂತು ಬರೆದರು. ಅಂದಿನ ಸ್ಥಿತಿಗೆ ಅದು ಚೆನ್ನಾಗಿಯೇ ನಡೆದ ಪರೀಕ್ಷೆ, ಅದನ್ನು ಒಪ್ಪಬೇಕು. ಆದರೆ ಪರೀಕ್ಷೆ ಮಾಡಲು ಬಂದವರಿಗೆ ಪಾಠ ಮಾಡಲು ಯಾಕೆ ಬರಲಿಲ್ಲ ಅನ್ನುವ ಪ್ರಶ್ನೆ ಎದ್ದದ್ದು ಅಲ್ಲೇ.

ಅದೇ ಜೂನ್‌ನಲ್ಲಿ ಇನ್ನೊಂದು ಎಡವಟ್ಟು. ಎಲ್‌ಕೆಜಿಯಿಂದ ಐದನೇ ಕ್ಲಾಸಿನ ತನಕ ಆನ್‌ಲೈನ್ ಪಾಠವೇ ಬೇಡ ಅಂತ ಘೋಷಿಸಿದರು. ಶಾಲೆಯೂ ಇಲ್ಲ, ಫೋನೂ ಇಲ್ಲ. ಪೋಷಕರು ಕೋರ್ಟ್‌ಗೆ ಹೋದರು, ಜುಲೈ 8ರಂದು ಹೈಕೋರ್ಟ್ ಆ ಆದೇಶಗಳಿಗೆ ತಡೆ ಕೊಟ್ಟಿತು. ಇಷ್ಟರಲ್ಲಿ ಮೈಸೂರಿನ ಬಡಾವಣೆಗಳ ಕಾನ್ವೆಂಟ್ ಮಕ್ಕಳಿಗೆ ಲ್ಯಾಪ್‌ಟಾಪ್ ಬಂದಿತ್ತು. ಎಚ್.ಡಿ. ಕೋಟೆ ಕಾಡಂಚಿನ ಗಿರಿಜನರ ಹಾಡಿಗಳಲ್ಲಿ ಫೋನ್ ಇದ್ದರೂ ಸಿಗ್ನಲ್ ಇರಲಿಲ್ಲ.

ಮಂಡ್ಯ ಕಡೆಯ ಕಷ್ಟ ಬೇರೆ ಥರ. ಸಿಗ್ನಲ್ ಇತ್ತು, ಫೋನ್ ಒಂದೇ ಇತ್ತು. ಆ ಫೋನ್ ಬೆಳಗ್ಗೆ ಅಪ್ಪನ ಜೇಬಲ್ಲಿ ಆಲೆಮನೆಗೆ ಹೋಗುತ್ತಿತ್ತು. ಮೇಷ್ಟ್ರು ಹತ್ತು ಗಂಟೆಗೆ ವಾಟ್ಸಾಪ್‌ನಲ್ಲಿ ಹಾಕಿದ ಪಾಠ ಮಗುವಿನ ಕೈಗೆ ಸಿಗುತ್ತಿದ್ದದ್ದು ರಾತ್ರಿ ಎಂಟಕ್ಕೆ, ಅದೂ ಬೆಲ್ಲದ ಜಿಗುಟು ಅಂಟಿದ ಸ್ಕ್ರೀನ್ ಮೇಲೆ. ಹೈಸ್ಕೂಲಿನ ಅಕ್ಕ ಇದ್ದರೆ ಮೊದಲ ಸರದಿ ಅವಳದು. ಚಿಕ್ಕವನ ಸರದಿ ಬರುವಾಗ ಡೇಟಾ ಮುಗಿದಿರುತ್ತಿತ್ತು, ಇಲ್ಲ ಅವನಿಗೇ ನಿದ್ದೆ ಬಂದಿರುತ್ತಿತ್ತು. ಚಂದನ ವಾಹಿನಿಯಲ್ಲಿ 'ಸಂವೇದ' ಪಾಠ ಬರುತ್ತಿತ್ತು, ನಿಜ. ಆದರೆ ಅದು ಮೊದಲು ಶುರುವಾದದ್ದು ಹೈಸ್ಕೂಲ್ ಮಕ್ಕಳಿಗೆ. ಅ ಆ ಇ ಈ ಕಲಿಯಬೇಕಾದ ಮಗುವಿನ ಕೈ ಹಿಡಿದು ತಿದ್ದಿಸಲು ಟಿವಿಗೆ ಆಗುತ್ತಾ?

ಸರ್ಕಾರ ಏನೂ ಮಾಡಲಿಲ್ಲ ಅಂದರೂ ಅನ್ಯಾಯವಾಗುತ್ತದೆ. 2020ರ ಆಗಸ್ಟ್‌ನಲ್ಲಿ ಬಂದ 'ವಿದ್ಯಾಗಮ' ಒಳ್ಳೆಯ ಯೋಚನೆ. ಮಕ್ಕಳು ಶಾಲೆಗೆ ಬರದಿದ್ದರೆ ಮೇಷ್ಟ್ರೇ ಊರಿಗೆ ಹೋಗುವುದು. ದೇವಸ್ಥಾನದ ಜಗುಲಿ, ಅರಳಿಕಟ್ಟೆ, ಸಮುದಾಯ ಭವನ, ಎಲ್ಲಿ ನೆರಳಿದೆಯೋ ಅಲ್ಲಿ ಪಾಠ. ಅಪ್ಪ ಅಮ್ಮಂದಿರಿಗೂ ಸಮಾಧಾನವಾಗಿತ್ತು. ಆದರೆ ಮೇಷ್ಟ್ರುಗಳಿಗೆ ಸೋಂಕು ಬಂತು, ಕೆಲವರು ತೀರಿಕೊಂಡರು, ಮಕ್ಕಳಲ್ಲೂ ಕಾಣಿಸಿತು. ಅಕ್ಟೋಬರ್‌ನಲ್ಲಿ ಕಾರ್ಯಕ್ರಮ ನಿಂತಿತು. ಸರಿಪಡಿಸಿ ಮುಂದುವರಿಸುವ ದಾರಿ ಹುಡುಕದೆ ಇಡಿಯಾಗಿ ನಿಲ್ಲಿಸಿಬಿಟ್ಟರು, ಹಿಂದೆಯೇ ಮೂರು ವಾರ ರಜೆ ಕೊಟ್ಟರು. ನನ್ನ ಲೆಕ್ಕದಲ್ಲಿ ಆ ಇಡೀ ಅವಧಿಯಲ್ಲಿ ಕೈಜಾರಿದ ದೊಡ್ಡ ಅವಕಾಶ ಅದೇ.

ಇಲ್ಲಿಂದ ಮುಂದೆ ದಿನಾಂಕ ನೋಡಿ. 2020ರ ಅಕ್ಟೋಬರ್ 15ರ ನಂತರ ಶಾಲೆ ತೆರೆಯುವುದು ಆಯಾ ರಾಜ್ಯಕ್ಕೆ ಬಿಟ್ಟದ್ದು ಅಂತ ಕೇಂದ್ರ ಗೃಹ ಸಚಿವಾಲಯ ಹೇಳಿಬಿಟ್ಟಿತ್ತು. ಅಂದರೆ ಆಮೇಲಿನ ತೀರ್ಮಾನಕ್ಕೆ ದೆಹಲಿಯ ಕಡೆ ಬೆರಳು ತೋರಿಸುವ ಹಾಗಿಲ್ಲ. ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ನಡೆಯಿತು, ಮತಗಟ್ಟೆ ಮಾಡಿದ್ದು ಬಹುಪಾಲು ಇದೇ ಶಾಲೆಗಳಲ್ಲಿ. ಊರಿನವರೆಲ್ಲ ಬಂದು ವೋಟ್ ಹಾಕಿ ಹೋದ ಕೊಠಡಿ, ಮಕ್ಕಳಿಗೆ ಮಾತ್ರ ಬೀಗ. 2021ರ ಜನವರಿ 1ಕ್ಕೆ ಹತ್ತನೇ ಕ್ಲಾಸ್ ಮತ್ತು ಸೆಕೆಂಡ್ ಪಿಯುಸಿ ಶುರುವಾಯಿತು. ಫೆಬ್ರವರಿ 22ಕ್ಕೆ ಆರರಿಂದ ಎಂಟು. ಏಪ್ರಿಲ್ ಮೊದಲ ವಾರ ಆರರಿಂದ ಒಂಬತ್ತು ಮತ್ತೆ ಬಂದ್. ಒಂದರಿಂದ ಐದರ ಮಕ್ಕಳು ಈ ಲೆಕ್ಕದಲ್ಲಿ ಎಲ್ಲೂ ಇಲ್ಲ.

ಎರಡನೇ ಅಲೆ ಬಂತು. ಆ ತಿಂಗಳುಗಳ ಬಗ್ಗೆ ಯಾರದೂ ತಕರಾರಿಲ್ಲ.

ತಕರಾರು ಇರುವುದು ಅಲೆ ಇಳಿದ ಮೇಲಿನದಕ್ಕೆ. 2021ರ ಜುಲೈನಲ್ಲಿ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ಮುಖ್ಯಸ್ಥ ಡಾ. ಬಲರಾಮ್ ಭಾರ್ಗವ ಸ್ಪಷ್ಟವಾಗಿ ಹೇಳಿದರು: ತೆರೆಯುವುದಾದರೆ ಪ್ರಾಥಮಿಕ ಶಾಲೆಯಿಂದ ಶುರು ಮಾಡುವುದು ಒಳ್ಳೆಯದು, ಚಿಕ್ಕ ಮಕ್ಕಳು ವೈರಸ್ಸನ್ನು ದೊಡ್ಡವರಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತಾರೆ, ಸಿಬ್ಬಂದಿಗೆಲ್ಲ ಲಸಿಕೆ ಆಗಿರಬೇಕು. ಅದೇ ವೇಳೆಗೆ ಬಂದ ದೇಶದ ನಾಲ್ಕನೇ ಸೀರೋ ಸಮೀಕ್ಷೆಯಲ್ಲಿ (ಸೋಂಕು ಬಂದು ಹೋಗಿದೆಯಾ ಅಂತ ರಕ್ತ ಪರೀಕ್ಷಿಸಿ ನೋಡುವುದು) 6ರಿಂದ 9 ವರ್ಷದ ಮಕ್ಕಳಲ್ಲಿ ಶೇ 57ರಷ್ಟು ಜನರ ರಕ್ತದಲ್ಲಿ ಆಗಲೇ ಪ್ರತಿಕಾಯ ಇತ್ತು. ಶಾಲೆ ಮುಚ್ಚಿದ್ದರೂ ಸೋಂಕು ಮನೆಗೆ ಬಂದು ಹೋಗಿತ್ತು ಅಂತ ಇದರ ಅರ್ಥ. ನಮ್ಮ ರಾಜ್ಯದಲ್ಲೂ ಮೂರನೇ ಅಲೆಗೆ ಸಜ್ಜಾಗಲು ಸರ್ಕಾರವೇ ಮಾಡಿದ್ದ ಡಾ. ದೇವಿ ಶೆಟ್ಟಿ ಸಮಿತಿ ಜೂನ್‌ನಲ್ಲೇ ಶಾಲೆ ತೆರೆಯುವ ಪರವಾಗಿ ವರದಿ ಕೊಟ್ಟಿತ್ತು.

ನಾವು ಮಾಡಿದ್ದು ತಲೆಕೆಳಗು. ಆಗಸ್ಟ್ 23ಕ್ಕೆ ಒಂಬತ್ತರಿಂದ ಹನ್ನೆರಡು, ಅದೂ ಪಾಸಿಟಿವಿಟಿ, ಅಂದರೆ ಪರೀಕ್ಷೆ ಮಾಡಿದವರಲ್ಲಿ ಸೋಂಕು ಕಂಡವರ ಪ್ರಮಾಣ, ಶೇ 2ಕ್ಕಿಂತ ಕಡಿಮೆ ಇದ್ದ ಕಡೆ. ಸೆಪ್ಟೆಂಬರ್ 6ಕ್ಕೆ ಆರರಿಂದ ಎಂಟು. ಅಕ್ಟೋಬರ್ 1ಕ್ಕೆ ಪಾಸಿಟಿವಿಟಿ ಶೇ 1ಕ್ಕಿಂತ ಕಡಿಮೆ ಇದ್ದ ಜಿಲ್ಲೆಗಳಲ್ಲಿ ಸಿನಿಮಾ ಥಿಯೇಟರ್ ಪೂರ್ತಿ ಭರ್ತಿಗೆ ಅನುಮತಿ. ಅಕ್ಟೋಬರ್ ಮಧ್ಯದಲ್ಲಿ ಮೈಸೂರು ದಸರಾ, ಜನ ಕಡಿಮೆ ಆದರೂ ಊರಿಗೆಲ್ಲ ದೀಪ. ಒಂದರಿಂದ ಐದನೇ ಕ್ಲಾಸು ತೆರೆದದ್ದು ಅಕ್ಟೋಬರ್ 25ಕ್ಕೆ. ಅಂಗನವಾಡಿ, ಎಲ್‌ಕೆಜಿ ಇನ್ನೂ ಹಿಂದೆ, ನವೆಂಬರ್ 8ಕ್ಕೆ. ನಿಮ್ಮ ಮಗಳು ಅಕ್ಟೋಬರ್ 25ಕ್ಕೆ ಕೂತದ್ದು ಎರಡನೇ ಕ್ಲಾಸಿನ ಕೊಠಡಿಯಲ್ಲಿ. ಒಂದನೇ ಕ್ಲಾಸಿನಲ್ಲಿ ಒಂದು ದಿನವೂ ಕೂರದೆ ಪಾಸಾಗಿದ್ದಳು.

ಯಾಕೆ ಹೀಗೆ? ಸರ್ಕಾರ ಕೊಟ್ಟ ಕಾರಣ: ಚಿಕ್ಕ ಮಕ್ಕಳು ಮಾಸ್ಕ್ ಹಾಕಿಕೊಳ್ಳುವುದಿಲ್ಲ, ದೂರ ಕೂರುವುದಿಲ್ಲ, ಅವರಿಗೆ ಲಸಿಕೆ ಇಲ್ಲ, ಮೂರನೇ ಅಲೆ ಮಕ್ಕಳಿಗೇ ಬರುತ್ತದಂತೆ. ಈ ಕೊನೆಯ ಮಾತು ಟಿವಿಯಲ್ಲಿ ಓಡಾಡಿದಷ್ಟು ಬೇರೇನೂ ಓಡಾಡಲಿಲ್ಲ. ನನಗೆ ಅನಿಸುವ ಕಾರಣ ಬೇರೆ. ನಮ್ಮಲ್ಲಿ ಶಾಲೆ ಅಂದರೆ ಪರೀಕ್ಷೆ. ಹತ್ತನೇ ಕ್ಲಾಸಿಗೆ ಬೋರ್ಡ್ ಇದೆ, ರಿಸಲ್ಟ್ ಇದೆ, ಮರುದಿನದ ಪೇಪರ್ ಇದೆ. ಒಂದನೇ ಕ್ಲಾಸಿಗೆ ಏನಿದೆ? ಅದು ಮುಚ್ಚಿದ್ದರೆ ಯಾವ ಅಂಕಿಯೂ ಕೆಳಗೆ ಬೀಳುವುದಿಲ್ಲ. 2021ರ ಎಸ್‌ಎಸ್‌ಎಲ್‌ಸಿ ಎರಡೇ ದಿನದಲ್ಲಿ ಮುಗಿದು ಶೇ 99.9 ಫಲಿತಾಂಶ ಬಂತು, ಆ ಸಂಭ್ರಮದಲ್ಲಿ ಕೆಳಗಿನ ಕ್ಲಾಸುಗಳು ಯಾರಿಗೂ ಕಾಣಲಿಲ್ಲ.

ನಮ್ಮ ಪಾಲೂ ಸ್ವಲ್ಪ ಇದೆ, ಅಲ್ವಾ? ಶಾಲೆ ತೆರೆದಾಗ ಪೋಷಕರ ಒಪ್ಪಿಗೆ ಪತ್ರ ಬೇಕಿತ್ತು, ಸಹಿ ಹಾಕಲು ಹಿಂದೇಟು ಹಾಕಿದವರು ಕಡಿಮೆ ಇರಲಿಲ್ಲ. ಜೋರಾಗಿ ಮಾತಾಡಬಲ್ಲ ಖಾಸಗಿ ಶಾಲೆಯ ಪೋಷಕರ ಜಗಳ ಹೆಚ್ಚಾಗಿ ಫೀಸಿನ ಮೇಲೆ ನಿಂತಿತು. ಶೇ 70 ಬೋಧನಾ ಶುಲ್ಕ ಸಾಕು ಅಂತ 2021ರ ಜನವರಿಯಲ್ಲಿ ಸರ್ಕಾರ ಹೇಳಿತು, ಆಡಳಿತ ಮಂಡಳಿಗಳು ಬೀದಿಗಿಳಿದವು, ಕೊನೆಗೆ ಹೈಕೋರ್ಟ್ ಶೇ 15 ರಿಯಾಯಿತಿ ಅಂದಿತು. ಸರ್ಕಾರಿ ಶಾಲೆ ತಾಯಂದಿರು ಕೇಳುತ್ತಿದ್ದದ್ದು ಬಿಸಿಯೂಟದ ಬದಲಿನ ಅಕ್ಕಿ ಬೇಳೆ ಯಾವಾಗ ಬರುತ್ತೆ ಅಂತ. ಎರಡೂ ಗುಂಪು ಒಂದೇ ಮನವಿಗೆ ಸಹಿ ಹಾಕಿದ್ದನ್ನು ನಾನಂತೂ ನೋಡಲಿಲ್ಲ.

ನಷ್ಟ ಎಷ್ಟು ಅಂತ ಕೇಳಿದರೆ, ನಿಮ್ಮ ಮಗಳು ಒಬ್ಬಳೇ ಅಲ್ಲ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕರ್ನಾಟಕವೂ ಸೇರಿ ಐದು ರಾಜ್ಯಗಳಲ್ಲಿ 16,067 ಮಕ್ಕಳನ್ನು ನೋಡಿತ್ತು. ಶೇ 92 ಮಕ್ಕಳು ಹಿಂದಿನ ವರ್ಷ ಬರುತ್ತಿದ್ದ ಭಾಷೆಯ ಒಂದಾದರೂ ಕೌಶಲ ಮರೆತಿದ್ದರು. ಕರ್ನಾಟಕದ ಹಳ್ಳಿಗಳಲ್ಲಿ ಮಕ್ಕಳ ಓದು, ಲೆಕ್ಕ ಪರೀಕ್ಷಿಸುವ ಅಸರ್ ಸಮೀಕ್ಷೆ ಮಾಡಿದಾಗ, ಎರಡನೇ ಕ್ಲಾಸಿನ ಪಾಠ ಓದಬಲ್ಲ ಮೂರನೇ ಕ್ಲಾಸಿನ ಮಕ್ಕಳು 2018ರಲ್ಲಿ ನೂರಕ್ಕೆ 19 ಇದ್ದದ್ದು 2021ರಲ್ಲಿ ಸುಮಾರು 10ಕ್ಕೆ ಇಳಿದಿತ್ತು. ಮೊದಲೇ 19 ಅನ್ನುವುದೂ ಹೆಮ್ಮೆಯ ಅಂಕಿಯೇನಲ್ಲ ಬಿಡಿ. ಇದನ್ನು ಸರಿಪಡಿಸಲು 2022ರ ಮೇನಲ್ಲಿ 'ಕಲಿಕಾ ಚೇತರಿಕೆ' ಶುರುವಾಯಿತು. ಮಕ್ಕಳಿಗೆ ಕಲಿಕಾ ಹಾಳೆ ಕೊಟ್ಟರು, ಮೇಷ್ಟ್ರುಗಳಿಗೆ ತರಬೇತಿ ಆಯಿತು. ಅದನ್ನು ರೂಪಿಸಿದ್ದು ಆ ಒಂದು ವರ್ಷಕ್ಕೆ.

ಒತ್ತಕ್ಷರದ ಸಮಸ್ಯೆಗೆ ಟ್ಯೂಷನ್‌ಗಿಂತ ಮೊದಲು ಮಗಳ ಕ್ಲಾಸ್ ಟೀಚರ್ ಹತ್ತಿರ ಮಾತಾಡಿ. ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರನೇ ಕ್ಲಾಸಿಗೆ ಚಟುವಟಿಕೆಯಿಂದ ಕಲಿಸುವ ನಲಿ-ಕಲಿ ಕಾರ್ಡುಗಳು ಶಾಲೆಯಲ್ಲಿ ಇರಬಹುದು, ಕೇಳಿ ನೋಡಿ. ದೊಡ್ಡ ಕ್ಲಾಸಿನಲ್ಲಿ ಚಿಕ್ಕ ಕ್ಲಾಸಿನ ಕಾರ್ಡ್ ಹಿಡಿಯಲು ಅವಳಿಗೆ ನಾಚಿಕೆಯಾಗಬಹುದು, ಮನೆಯಲ್ಲಿ ಓದಿಸಿ.

ಇನ್ನು 'ಮೇಲಿನವರು'. ಒಂದರಿಂದ ಐದನ್ನು ಕೊನೆಗೆ ತಳ್ಳಿದ ಸಭೆಯ ನಡಾವಳಿ ಎಲ್ಲಿದೆ ಅಂತ ಕೇಳುವ ಹಕ್ಕು ನಿಮಗಿದೆ. ಮಾಹಿತಿ ಹಕ್ಕು ಅರ್ಜಿಗೆ 10 ರೂಪಾಯಿ ಶುಲ್ಕ. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ. ರಾಜ್ಯದ ತೀರ್ಮಾನಕ್ಕೆ ಕಂದಾಯ ಇಲಾಖೆಯ ವಿಪತ್ತು ನಿರ್ವಹಣಾ ವಿಭಾಗ, ಜಿಲ್ಲೆಯದಕ್ಕೆ ಡಿಸಿ ಕಚೇರಿ. 30 ದಿನದಲ್ಲಿ ಉತ್ತರ ಕೊಡಬೇಕು. ತಪ್ಪಿ ಬೇರೆ ಕಚೇರಿಗೆ ಕಳಿಸಿದರೂ 'ನಮಗೆ ಸಂಬಂಧವಿಲ್ಲ' ಅಂತ ವಾಪಸ್ ಮಾಡುವ ಹಾಗಿಲ್ಲ. ಐದು ದಿನದೊಳಗೆ ಸಂಬಂಧಪಟ್ಟ ಕಚೇರಿಗೆ ಅವರೇ ದಾಟಿಸಬೇಕು, ದಾಟಿಸಿದ್ದನ್ನು ನಿಮಗೂ ತಿಳಿಸಬೇಕು.