ಗಿಡಗಳು ರಾತ್ರಿ ಮಾತ್ರ ಉಸಿರಾಡುತ್ತವಾ?

ಪ್ರಶ್ನೆ: ನಾನು ಪಿಯುಸಿಯಲ್ಲಿ ಆರ್ಟ್ಸ್ ಓದಿ ಈಗ ಡಿ.ಎಲ್.ಎಡ್ (ಶಿಕ್ಷಕರ ತರಬೇತಿ) ಮಾಡುತ್ತಿದ್ದೇನೆ. ಜೀವಶಾಸ್ತ್ರ ಎಲ್ಲಿಂದ ಶುರು ಮಾಡಲಿ? ಪಾಠ ಯೋಜನೆಯಲ್ಲಿ ‘ಗಿಡಗಳು ಹಗಲಲ್ಲಿ ಇಂಗಾಲದ ಡೈಆಕ್ಸೈಡ್ ಉಸಿರಾಡುತ್ತವೆ, ರಾತ್ರಿ ಆಮ್ಲಜನಕ ಉಸಿರಾಡುತ್ತವೆ’ ಎಂದು ಬರೆದಿದ್ದೇನೆ. ಸರಿ ಇದೆಯಾ?

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಆರರಿಂದ ಹತ್ತನೇ ತರಗತಿವರೆಗಿನ ವಿಜ್ಞಾನ ಪುಸ್ತಕಗಳನ್ನು ಸಾಲಾಗಿ ಓದಿ. ಗೈಡ್ ಬೇಡ. ಚಿತ್ರಗಳನ್ನು ಸುಮ್ನೆ ನೋಡಿ ಬಿಡಬೇಡಿ, ನೀವೇ ಬಿಡಿಸಿ. ಇಷ್ಟು ಮಾಡಿದರೆ ಆರ್ಟ್ಸ್ ಓದಿದ್ದು ತೊಡಕೇ ಅಲ್ಲ.

ಎರಡನೆಯದು ಸರಿ ಇಲ್ಲ. ಆ ಸಾಲನ್ನು ಇವತ್ತೇ ಹೊಡೆದು ಹಾಕಿ. ಈ ಮಾತು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಸೈನ್ಸ್ ಓದಿದವರ ನೋಟ್ಸಿನಲ್ಲೂ ಇದೇ ಸಾಲು ಸಿಗುತ್ತದೆ.

ಗಿಡ ಹಗಲೂ ಉಸಿರಾಡುತ್ತದೆ, ರಾತ್ರಿಯೂ ಉಸಿರಾಡುತ್ತದೆ. ಎಲೆ, ಕಾಂಡ, ಬೇರು, ಹೂ, ಹೀಗೆ ಜೀವ ಇರುವ ಪ್ರತಿ ಕೋಶವೂ ಆಮ್ಲಜನಕ ಬಳಸಿ ಸಕ್ಕರೆಯಿಂದ ಶಕ್ತಿ ತೆಗೆಯುತ್ತದೆ. ಆಗ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ನಮ್ಮ ಮೈಯಲ್ಲೂ ನಡೆಯುವುದು ಇದೇ. ಉಸಿರಾಟ ಅಂದ ಕೂಡಲೇ ನಮಗೆ ಮೂಗು, ಎದೆ ನೆನಪಾಗುತ್ತವೆ. ಗೊಂದಲ ಹುಟ್ಟುವುದೇ ಅಲ್ಲಿ.

ದ್ಯುತಿಸಂಶ್ಲೇಷಣೆ ಅಂದರೆ ಗಿಡ ಇಂಗಾಲದ ಡೈಆಕ್ಸೈಡ್ ಮತ್ತು ನೀರಿನಿಂದ ಸಕ್ಕರೆ ತಯಾರಿಸಿ ಆಮ್ಲಜನಕ ಬಿಡುವುದು. ಅದು ಉಸಿರಾಟವಲ್ಲ, ಅಡುಗೆ. ಬೆಳಕಿದ್ದಾಗ, ಹಸಿರು ಭಾಗದಲ್ಲಿ ಮಾತ್ರ ನಡೆಯುತ್ತದೆ. ಅಡುಗೆ ಮಾಡುವಾಗ ಅಮ್ಮ ಉಸಿರಾಡುವುದನ್ನು ನಿಲ್ಲಿಸುತ್ತಾರಾ? ಮಕ್ಕಳಿಗೆ ಇದನ್ನೇ ಕೇಳಿ, ಥಟ್ಟನೆ ಹೊಳೆಯುತ್ತದೆ. ಒಳ್ಳೆ ಬಿಸಿಲಿನಲ್ಲಿ ಎಲೆಯ ಅಡುಗೆ ಅದರ ಉಸಿರಾಟಕ್ಕಿಂತ ತುಂಬಾ ಜೋರಾಗಿರುತ್ತದೆ. ಉಸಿರಾಟದಿಂದ ಬಂದ ಇಂಗಾಲದ ಡೈಆಕ್ಸೈಡ್ ಅಲ್ಲೇ ಅಡುಗೆಗೆ ಖರ್ಚಾಗುತ್ತದೆ, ಮಿಕ್ಕ ಆಮ್ಲಜನಕ ಹೊರಗೆ ಬರುತ್ತದೆ. ಬೇರಿಗೆ ಹಗಲಲ್ಲೂ ಈ ಅಡುಗೆ ಇಲ್ಲ, ಬರೀ ಉಸಿರಾಟ. ಬೇರು, ಹೂಗಳು ಹಗಲಲ್ಲೂ ಗಾಳಿ ಕೆಡಿಸುತ್ತವೆ ಎಂದು ಯಾನ್ ಇಂಗೆನ್‌ಹೌಸ್ ಎಂಬ ವಿಜ್ಞಾನಿ 1779ರಲ್ಲೇ ಬರೆದಿದ್ದರು.

ನಂಬಿಕೆ ಬರದಿದ್ದರೆ ರಾಗಿ ಮೊಳಕೆ ಕಟ್ಟಿದ ಬಟ್ಟೆಗಂಟಿನೊಳಗೆ ಕೈ ಇಡಿ. ಬೆಚ್ಚಗಿರುತ್ತದೆ ಅಲ್ವಾ? ಅದು ಉಸಿರಾಟದ ಶಾಖ. ತರಗತಿಗೆ ಇನ್ನೊಂದು ಪ್ರಯೋಗ ಇದೆ. ಎಲೆಅಡಿಕೆ ಸುಣ್ಣವನ್ನು ನೀರಿನಲ್ಲಿ ಕದಡಿ, ತಳಕ್ಕೆ ಕೂತ ಮೇಲೆ ತಿಳಿನೀರನ್ನು ಬಸಿದುಕೊಳ್ಳಿ. ಎರಡು ಬಾಟಲಿಯಲ್ಲೂ ಒಂದೊಂದು ಪುಟ್ಟ ಲೋಟ ತಿಳಿನೀರು ಇಡಿ. ಒಂದು ಬಾಟಲಿಗೆ ಮಾತ್ರ, ಲೋಟದ ಹೊರಗೆ, ಮೊಳಕೆ ಹೆಸರುಕಾಳು ಹಾಕಿ. ಎರಡನ್ನೂ ಬಿಗಿಯಾಗಿ ಮುಚ್ಚಿ ಮಾರನೇ ದಿನ ನೋಡಿ. ಕಾಳಿರುವ ಬಾಟಲಿಯ ಸುಣ್ಣದ ತಿಳಿನೀರು ಹಾಲಿನಂತೆ ಬೆಳ್ಳಗಾಗಿರುತ್ತದೆ. ಹಾಗೆ ಮಾಡಿದ್ದು ಕಾಳು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್. ಕಾಳಿಲ್ಲದ ಬಾಟಲಿಯನ್ನು ಮಾತ್ರ ಮರೆಯಬೇಡಿ. ಹೋಲಿಸಲು ಅದಿಲ್ಲದಿದ್ದರೆ ಪ್ರಯೋಗವೇ ಅಲ್ಲ.

ಈ ತಪ್ಪಿಗೆ ಮರಿಗಳೂ ಹುಟ್ಟಿವೆ. ಮಲಗುವ ಕೋಣೆಯಲ್ಲಿ ಕುಂಡ ಇಟ್ಟರೆ ಅಪಾಯ ಅನ್ನುತ್ತಾರೆ. ಒಬ್ಬ ದೊಡ್ಡ ಮನುಷ್ಯ ದಿನಕ್ಕೆ ಸುಮಾರು 1 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬಿಡುತ್ತಾನೆ. ಅದರ ಮುಂದೆ ಕುಂಡದ ಗಿಡದ್ದು ಏನೇನೂ ಅಲ್ಲ. ಅರಳಿ ಮರ 24 ಗಂಟೆಯೂ ಆಮ್ಲಜನಕ ಕೊಡುತ್ತದೆ ಎಂಬ ಮಾತಂತೂ ವಾಟ್ಸಾಪ್‌ನಲ್ಲಿ ಸುತ್ತುತ್ತಲೇ ಇದೆ. ಕತ್ತಲಲ್ಲಿ ಯಾವ ಮರವೂ ಆಮ್ಲಜನಕ ತಯಾರಿಸುವುದಿಲ್ಲ. ಪಾಪಾಸುಕಳ್ಳಿ, ಅನಾನಸಿನಂಥ ಗಿಡಗಳು ರಾತ್ರಿ ಇಂಗಾಲದ ಡೈಆಕ್ಸೈಡ್ ಹೀರಿ ಕೂಡಿಡುತ್ತವೆ, ನಿಜ. ಆದರೆ ಅವೂ ಆಮ್ಲಜನಕ ಬಿಡಲು ಬೆಳಕು ಬರಲೇಬೇಕು. ಅರಳಿ ಮರಕ್ಕೆ ಕೈ ಮುಗಿಯಲು ಈ ಸುಳ್ಳು ಬೇಕಿಲ್ಲ.

ನೀವು ಕೇಳದಿದ್ದರೂ ಇನ್ನೊಂದು ಹೇಳುತ್ತೇನೆ. ಮರದ ತೂಕ ಎಲ್ಲಿಂದ ಬರುತ್ತದೆ? ಮಣ್ಣಿನಿಂದ ಎಂದೇ ಹೆಚ್ಚಿನವರು ಹೇಳುತ್ತಾರೆ. ಹದಿನೇಳನೇ ಶತಮಾನದಲ್ಲಿ ವಾನ್ ಹೆಲ್ಮಾಂಟ್ ಎಂಬ ವಿಜ್ಞಾನಿ ಸುಮಾರು 90 ಕೆ.ಜಿ. ಒಣ ಮಣ್ಣಿನಲ್ಲಿ ವಿಲೋ ಸಸಿ ನೆಟ್ಟು 5 ವರ್ಷ ನೀರು ಹಾಕಿದರು. ಮರ 70 ಕೆ.ಜಿ.ಗೂ ಜಾಸ್ತಿ ಬೆಳೆಯಿತು. ಮಣ್ಣು ಕಡಿಮೆಯಾದದ್ದು 60 ಗ್ರಾಂ ಕೂಡ ಇಲ್ಲ! ಎಲ್ಲವೂ ನೀರಿನಿಂದಲೇ ಆಯಿತು ಎಂದುಕೊಂಡರು ಅವರು. ಗಾಳಿಯ ಪಾಲು ಅವರಿಗೆ ಕಾಣಲಿಲ್ಲ. ಒಣ ಕಟ್ಟಿಗೆಯ ತೂಕದಲ್ಲಿ ಸುಮಾರು ಅರ್ಧ ಇಂಗಾಲ, ಅದೆಲ್ಲ ಎಲೆಗಳು ಗಾಳಿಯಿಂದ ಹಿಡಿದದ್ದು. ಅದೇ ಕಟ್ಟಿಗೆಯನ್ನು ಒಲೆಗೆ ಹಾಕಿ ಉರಿಸಿ. ಕೊನೆಗೆ ಉಳಿಯುವ ಹಿಡಿ ಬೂದಿ ಇದೆಯಲ್ಲ, ಮಣ್ಣು ಕೊಟ್ಟದ್ದು ಹೆಚ್ಚೂಕಡಿಮೆ ಅಷ್ಟೇ.