ಮಳೆ ಲೆಕ್ಕದ ಪಕ್ಕದಲ್ಲಿ ಮನಸ್ಸಿನ ಲೆಕ್ಕ

ಕೊಡಗಿನ ಎಷ್ಟೋ ತೋಟದ ಮನೆಗಳಲ್ಲಿ ಮಳೆ ಲೆಕ್ಕದ ಪುಸ್ತಕ ಇರುತ್ತದೆ. ಬೆಳಿಗ್ಗೆ ಎದ್ದು ಅಂಗಳದ ಮಳೆಮಾಪಕದ ನೀರನ್ನು ಅಳೆಯುವುದು, ಇಂಚು–ಸೆಂಟಿನಲ್ಲಿ ಬರೆದಿಡುವುದು. ನೂರು ಸೆಂಟಿಗೆ ಒಂದು ಇಂಚು, ಮಿಲಿಮೀಟರಿನಲ್ಲಿ 25.4. ಕಾಫಿ ಮೊಗ್ಗನ್ನು ಅರಳಿಸುವ ಹೂಮಳೆ ಎಂದು ಬಿತ್ತು, ಅದಾಗಿ ಎಷ್ಟು ದಿನಕ್ಕೆ ರೊಬಸ್ಟಾ ಕಾಫಿ ಅರಳಿತು, ಹೂವು ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆ ಸಮಯಕ್ಕೆ ಬಂತೇ ಇಲ್ಲವೇ, ಎಲ್ಲಕ್ಕೂ ಆ ಪುಟಗಳೇ ಸಾಕ್ಷಿ. ಬರೆಯುವವರು ಮಳೆಯನ್ನು ಹೊಗಳುವುದೂ ಇಲ್ಲ, ಬೈಯುವುದೂ ಇಲ್ಲ. ಹೊತ್ತು ತಪ್ಪಿಸದೆ ನೋಡುತ್ತಾರೆ, ಕಂಡಷ್ಟನ್ನು ಬರೆಯುತ್ತಾರೆ. ಬರಹ, ಚಿತ್ರ ಎರಡೂ ಸೇರಿದ ಸ್ವಂತ ದಿನಚರಿಗೆ ಬೇಕಾದ ಶಿಸ್ತು ಇದೇ. ಅಂಗಳದ ಅಳತೆಯನ್ನು ಮನೆಯೊಳಗೆ ತಂದುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಬರೆದರೆ ಮನಸ್ಸು ಹಗುರಾಗುತ್ತದೆ ಎಂಬ ಮಾತು ಹಳೆಯದು. ಅದನ್ನು ಪ್ರಯೋಗಕ್ಕೆ ಒಡ್ಡಿದವರು ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್. ಸಾಂಡ್ರಾ ಬೀಲ್ ಜೊತೆ ಅವರು 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 46 ಕಾಲೇಜು ವಿದ್ಯಾರ್ಥಿಗಳು ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ಬರೆದರು. ಕೆಲವರಿಗೆ ಸಾಮಾನ್ಯ ವಿಷಯ, ಉಳಿದವರಿಗೆ ತಮ್ಮ ಬದುಕಿನ ಕಹಿ ಘಟನೆ. ನಡೆದದ್ದನ್ನೂ ಅದರಿಂದಾದ ನೋವನ್ನೂ ಒಟ್ಟಿಗೆ ಬರೆದವರಿಗೆ ಬರೆದ ಕೂಡಲೇ ಬೇಸರ ಹೆಚ್ಚಿತು. ಆದರೆ ಮುಂದಿನ ಆರು ತಿಂಗಳಲ್ಲಿ ಅವರು ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಇಂಥ 146 ಅಧ್ಯಯನಗಳನ್ನು ಒಟ್ಟು ಮಾಡಿ 2006ರಲ್ಲಿ ನೋಡಿದಾಗ ಸಿಕ್ಕ ಸರಾಸರಿ ಲಾಭ ಚಿಕ್ಕದು, ಆದರೆ ಇತ್ತು. ದಿನಚರಿಯಿಂದ ಬದುಕೇ ಬದಲಾಗುತ್ತದೆ ಎನ್ನುವವರನ್ನು ನಂಬಬೇಡಿ. ದಿನಕ್ಕೆ ಕಾಲು ಗಂಟೆ ಕೊಟ್ಟರೆ ಬರುವ ಫಲವಾಗಿ ಇದು ಒಳ್ಳೆಯದೇ.

ಪೆನ್ನೆಬೇಕರ್ ಬರಹಗಳ ಪದಗಳನ್ನೂ ಎಣಿಸಿದರು. ಮೊದಲ ದಿನಕ್ಕಿಂತ ಕೊನೆಯ ದಿನಕ್ಕೆ ಕಾರಣ ಹೇಳುವ, ಅರ್ಥವಾಯಿತು ಎನ್ನುವ ಪದಗಳು ಹೆಚ್ಚುತ್ತಾ ಹೋದವರಿಗೆ ಲಾಭ ಹೆಚ್ಚು. ಕನ್ನಡದಲ್ಲಿ ಅವು ‘ಏಕೆಂದರೆ’, ‘ಅದಕ್ಕೇ’, ‘ಈಗ ಗೊತ್ತಾಗ್ತಿದೆ’. ‘ಇವತ್ತು ತಲೆ ಕೆಟ್ಟುಹೋಯ್ತು’ ಎಂದು ಬರೆದರೆ ಅಲ್ಲಿಗೇ ನಿಲ್ಲುತ್ತದೆ. ಅದೇ ಸಾಲನ್ನು ಹೀಗೆ ಬರೆದು ನೋಡಿ: ‘ಕುಯ್ಲಿಗೆ ಬರುತ್ತೇವೆಂದ ಆಳುಗಳು ಬರಲಿಲ್ಲ, ಮನೆಯವರ ಮೇಲೆ ರೇಗಿದೆ. ಏಕೆಂದರೆ ಮೋಡ ಕಟ್ಟಿತ್ತು, ಕಣದಲ್ಲಿ ಹರವಿದ ಕಾಫಿ ಹಣ್ಣು ನೆನೆಯುತ್ತದೆ ಎಂಬ ಭಯ ಇತ್ತು.’ ಸಿಟ್ಟು ಎಂದುಕೊಂಡದ್ದು ಭಯ ಎಂದು ಪುಟದ ಮೇಲೆ ಕಾಣುತ್ತದೆ. ನಾಳೆ ಮಾಡಬೇಕಾದ್ದು ಆಗ ಹೊಳೆಯುತ್ತದೆ, ಟಾರ್ಪಾಲು ಕಣದ ಹತ್ತಿರವೇ ಇರಲಿ ಎಂದು.

ಇಲ್ಲಿ ಹೆಚ್ಚು ಜನ ಎಡವುವುದು ಒಂದೇ ದೂರನ್ನು ದಿನವೂ ಬರೆಯುವುದರಲ್ಲಿ. ಗಾಯದ ಹೊಪ್ಪಳೆ ಕಿತ್ತ ಹಾಗೆ ಅದು. ಮೂರನೆಯ ದಿನವೂ ಅದೇ ವಾಕ್ಯ ಬಂದರೆ ‘ನಾನು’ ಬಿಟ್ಟು ನಿಮ್ಮ ಹೆಸರಿನಿಂದಲೇ, ಬೇರೆಯವರ ಬಗ್ಗೆ ಬರೆದಂತೆ, ಬರೆಯಿರಿ: ಅವಳಿಗೆ ಇಷ್ಟು ಸಿಟ್ಟು ಯಾಕೆ ಬಂತು, ಅವಳು ಏನನ್ನು ಕಾಯುತ್ತಿದ್ದಳು? ಮನೋವಿಜ್ಞಾನಿ ಈಥನ್ ಕ್ರಾಸ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗಗಳು, ತನ್ನನ್ನು ಹೆಸರಿಟ್ಟು ಕರೆದುಕೊಳ್ಳುವ ಇಷ್ಟೇ ದೂರ ಕಳವಳವನ್ನು ತಗ್ಗಿಸುತ್ತದೆ ಎಂದು ತೋರಿಸಿದವು.

ಇನ್ನು ಚಿತ್ರ. ‘ನಂಗೆ ಬಿಡಿಸೋಕೆ ಬರಲ್ಲ’ ಎನ್ನುವವರಿಗೆ ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದಿಂದ 2016ರಲ್ಲಿ ಬಂದ ಅಧ್ಯಯನ ಧೈರ್ಯ ಕೊಡಬೇಕು. ಒಂದೊಂದು ಪದಕ್ಕೆ 40 ಸೆಕೆಂಡು ಕೊಟ್ಟು, ಕೆಲವನ್ನು ಚಿತ್ರವಾಗಿ ಬಿಡಿಸಲು, ಕೆಲವನ್ನು ಮತ್ತೆ ಮತ್ತೆ ಬರೆಯಲು ಹೇಳಿದರು. ಬಿಡಿಸಿದ ಪದಗಳೇ ಹೆಚ್ಚು ನೆನಪಿನಲ್ಲಿ ಉಳಿದವು. 4 ಸೆಕೆಂಡು ಕೊಟ್ಟಾಗಲೂ ಹಾಗೆಯೇ ಆಯಿತು. ಚಿತ್ರ ಚೆನ್ನಾಗಿದೆಯೋ ಇಲ್ಲವೋ ಎಂಬುದಕ್ಕೂ ನೆನಪಿಗೂ ಸಂಬಂಧ ಕಾಣಲಿಲ್ಲ. ಬಿಡಿಸುವಾಗ ಅರ್ಥ, ಕಣ್ಣು, ಕೈಯ ಚಲನೆ ಮೂರೂ ಒಂದೇ ವಸ್ತುವಿನ ಮೇಲೆ ಕೂಡುವುದೇ ಇದಕ್ಕೆ ಕಾರಣ ಎಂಬುದು ಸಂಶೋಧಕರ ವಿವರಣೆ.

ಒಂದು ರೊಬಸ್ಟಾ ಎಲೆ ತಂದು ಎದುರಿಗಿಡಿ. ಐದು ನಿಮಿಷ, ಒಂದು ಎಚ್‌ಬಿ ಪೆನ್ಸಿಲ್, ರಬ್ಬರ್ ಬೇಡ. ಮೊದಲು ನಡುನರವನ್ನು ತೊಟ್ಟಿನಿಂದ ತುದಿಯವರೆಗೆ ಒಂದೇ ಗೆರೆಯಲ್ಲಿ ಎಳೆಯಿರಿ. ಅದು ನೇರವಾಗಿಲ್ಲ, ಎತ್ತ ಬಾಗಿದೆ ನೋಡಿ. ಆಮೇಲೆ ಪಕ್ಕದ ನರಗಳನ್ನು ಎಣಿಸಿ, ಎಣಿಸಿದಷ್ಟನ್ನೇ ಹಾಕಿ. ಎಡಕ್ಕೂ ಬಲಕ್ಕೂ ಲೆಕ್ಕ ಒಂದೇ ಇರಬೇಕೆಂದಿಲ್ಲ. ಅಂಚಿನ ಅಲೆಗಳು ಕೊನೆಗೆ. ಎಲೆ ಮಗುಚಿದರೆ, ಪಕ್ಕದ ನರ ನಡುನರಕ್ಕೆ ಸೇರುವ ಕಂಕುಳಲ್ಲಿ ಪುಟ್ಟ ಗುಳಿಗಳು ಕಾಣುತ್ತವೆ, ನುಸಿಗಳ (ಮೈಟ್) ವಾಸದ ಮನೆ ಅವು. ತೋಟದಲ್ಲೇ ಬೆಳೆದವರೂ ಇದನ್ನು ನೋಡಿರುವುದಿಲ್ಲ. ಸಾಮಾನ್ಯ ತಪ್ಪು ಎಂದರೆ ಎದುರಿಗಿರುವ ಎಲೆ ಬಿಟ್ಟು ಶಾಲೆಯಲ್ಲಿ ಕಲಿತ ಎಲೆಯನ್ನು ಬಿಡಿಸುವುದು. ಹಾಳೆಗಿಂತ ಎಲೆಯ ಮೇಲೆ ಹೆಚ್ಚು ಹೊತ್ತು ಕಣ್ಣಿದ್ದರೆ ಆ ತಪ್ಪು ತಾನೇ ಕಡಿಮೆಯಾಗುತ್ತದೆ. ಗೆರೆ ತಪ್ಪಿದರೆ ಅಳಿಸದೆ ಪಕ್ಕದಲ್ಲಿ ಇನ್ನೊಂದು ಎಳೆಯಿರಿ. ಕೆಳಗೆ ತಾರೀಕು, ಮಳೆ ಎಷ್ಟು, ಈಗ ಮನಸ್ಸು ಹೇಗಿದೆ ಎಂದು ಎರಡು ಸಾಲು. ಚಿತ್ರ ಮೊದಲು, ಬರಹ ಆಮೇಲೆ ಎಂಬ ಈ ಕ್ರಮವೇ ಒಳ್ಳೆಯದು, ಐದು ನಿಮಿಷ ಎಲೆ ನೋಡಿದ ಕಣ್ಣು ತನ್ನನ್ನೂ ಅವಸರವಿಲ್ಲದೆ ನೋಡುತ್ತದೆ.

ಕೊಡವರ ಕಕ್ಕಡ ತಿಂಗಳ ಹದಿನೆಂಟರಂದು ಮದ್ದುಪಾಯಸ ಮಾಡುವ ಮನೆಗಳಲ್ಲಿ, ಅದಕ್ಕೆ ಹಾಕುವ ಮದ್ದುಸೊಪ್ಪಿನ ನೇರಳೆ ರಸದ ಒಂದು ಹನಿ ಪುಟಕ್ಕೆ ಬೀಳಲಿ. ಗಿಡದ ಬಣ್ಣ ಮಾಸುತ್ತದೆ, ಹಾಗಾಗಿ ಇಂದು ಹೇಗೆ ಕಂಡಿತೆಂದು ಪಕ್ಕದಲ್ಲಿ ಪದದಲ್ಲೂ ಬರೆಯಿರಿ.

ಮಲಗುವ ಮುಂಚಿನ ಪುಟ ಬೇರೆ ರೀತಿಯದು. 2018ರಲ್ಲಿ ಪ್ರಕಟವಾದ, 57 ಜನರ ಮೇಲಿನ ಪ್ರಯೋಗವೊಂದರಲ್ಲಿ, ಮುಂದೆ ಮಾಡಬೇಕಾದ ಕೆಲಸಗಳನ್ನು ಐದು ನಿಮಿಷ ಬರೆದವರು, ಮುಗಿದ ಕೆಲಸ ಬರೆದವರಿಗಿಂತ ಸುಮಾರು 9 ನಿಮಿಷ ಬೇಗ ನಿದ್ದೆಹೋದರು. ಪಟ್ಟಿ ಖಚಿತವಾಗಿದ್ದಷ್ಟೂ ನಿದ್ದೆ ಬೇಗ. ಭಾರವಾದ ವಿಷಯವನ್ನು ಸಂಜೆಯೇ ಮುಗಿಸಿ, ರಾತ್ರಿಗೆ ಕೆಲಸದ ಪಟ್ಟಿ ಮಾತ್ರ ಇರಲಿ.

ಕೆಲವು ವಿಷಯಗಳಿಗೆ ಕಾಯಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಜರಿದದ್ದನ್ನು ಕಂಡವರಿಗೆ ಇಂದಿಗೂ ಜೋರು ಮಳೆಯ ಸದ್ದು ಬರೀ ಮಳೆಯ ಸದ್ದಲ್ಲ. ಆಘಾತವಾದ ಮೊದಲ ವಾರಗಳಲ್ಲೇ ಅದನ್ನು ಕೆದಕಿ ಬರೆಯಬಾರದು, ಒಂದೆರಡು ತಿಂಗಳು ಕಳೆಯಲಿ. ಆಮೇಲೂ ಬರೆಯುತ್ತಾ ಕೈ ನಡುಗಿದರೆ, ಉಸಿರು ಕಟ್ಟಿದರೆ ಅಲ್ಲೇ ನಿಲ್ಲಿಸಿ ಬೇರೆ ವಿಷಯಕ್ಕೆ ಹೋಗಿ. ಪೆನ್ನೆಬೇಕರ್ ಹೇಳುವ ನಿಯಮವೂ ಇದೇ. ನಿದ್ದೆ, ಊಟ ಕೆಟ್ಟಿದ್ದರೆ ಪುಸ್ತಕ ಮುಚ್ಚಿ ವೈದ್ಯರನ್ನು ಕಾಣಿ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಪುಸ್ತಕದ ವಿಷಯಕ್ಕೆ ಬಂದರೆ, ಕೊಡಗಿನಲ್ಲಿ ಶತ್ರು ಯಾವುದೆಂದು ಎಲ್ಲರಿಗೂ ಗೊತ್ತು. ಕಾಗದದ ನಾರು ಗಾಳಿಯ ತೇವವನ್ನು ಹೀರಿ ಊದುತ್ತದೆ. ಅಂಚು ಮೊದಲು ಹೀರುವುದರಿಂದ ಪುಟ ಅಲೆಅಲೆಯಾಗುತ್ತದೆ. ಗಾಳಿಯ ಆರ್ದ್ರತೆ ಶೇಕಡಾ 70 ದಾಟಿ ಹಾಗೇ ನಿಂತರೆ ಬೂಷ್ಟು ಶುರು. ಜುಲೈ, ಆಗಸ್ಟ್‌ನಲ್ಲಿ ಆರ್ದ್ರತೆ ವಾರಗಟ್ಟಲೆ ಅದಕ್ಕಿಂತ ಮೇಲೇ ಇರುತ್ತದೆ. ಎ5 ಅಳತೆಯ, ದಾರದಲ್ಲಿ ಹೊಲಿದ, 120ರಿಂದ 160 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕದ) ಹಾಳೆಯ ಪುಸ್ತಕ ಪೆನ್ಸಿಲ್‌ಗೂ ತೆಳು ಜಲವರ್ಣಕ್ಕೂ ಸಾಕು. 70 ಜಿಎಸ್‌ಎಂ ನೋಟ್‌ಬುಕ್ಕಿಗೆ ಬಣ್ಣ ಹಚ್ಚಿದರೆ ಹಿಂದಿನ ಪುಟಕ್ಕೂ ಇಳಿಯುತ್ತದೆ. ಜೆಲ್ ಪೆನ್ನಿನ ಶಾಯಿ ತೇವಕ್ಕೆ ಹರಡಬಹುದು. ಪೆನ್ಸಿಲ್ ಗೀಟು ಇಂಗಾಲ, ತೇವಕ್ಕೆ ಹರಡುವುದೂ ಇಲ್ಲ, ಮಾಸುವುದೂ ಇಲ್ಲ. ಒದ್ದೆ ಬಣ್ಣದ ಮೇಲೆ ಪುಸ್ತಕ ಮುಚ್ಚಬೇಡಿ. ಮಳೆಗಾಲದಲ್ಲಿ ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ 50 ಗ್ರಾಂ ಸಿಲಿಕಾ ಜೆಲ್ ಮಣಿಗಳ ಜೊತೆ ಇಡಿ, ಹೊರಗೋಡೆಗೆ ತಾಗಿಸಬೇಡಿ. ನೀಲಿ ಮಣಿಗಳಲ್ಲಿ ವಿಷಕಾರಿ ಕೋಬಾಲ್ಟ್ ಕ್ಲೋರೈಡ್ ಇರುವುದರಿಂದ ಕಿತ್ತಳೆ ಬಣ್ಣದವನ್ನೇ ಕೊಳ್ಳಿ. ತೇವ ಕುಡಿದು ಬಣ್ಣ ಬದಲಾದಾಗ, ಅಡುಗೆಗೆ ಬಳಸದ ಹಳೆ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತವೆ. ಬೂಷ್ಟು ಕಂಡರೆ ಒದ್ದೆಯಲ್ಲಿ ಉಜ್ಜಬಾರದು, ಕಾಗದದೊಳಕ್ಕೆ ಇಳಿಯುತ್ತದೆ. ಒಣಗಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಹೊರಗೆ ಮೆತ್ತನೆಯ ಬ್ರಷ್ಷಿನಲ್ಲಿ ಕೊಡವಿ.

ಒಂದು ದಿನ ತಪ್ಪಿದರೆ ಚಿಂತೆ ಬೇಡ. ಲಂಡನ್ನಿನ 2010ರ ಅಧ್ಯಯನದಲ್ಲಿ ಹೊಸ ಅಭ್ಯಾಸ ನೆಲೆಗೊಳ್ಳಲು ಸರಾಸರಿ 66 ದಿನ ಹಿಡಿಯಿತು, ಒಬ್ಬೊಬ್ಬರಿಗೆ 18ರಿಂದ 254 ದಿನ. ನಡುವೆ ಒಂದು ದಿನ ಬಿಟ್ಟದ್ದರಿಂದ ಏನೂ ಕೆಡಲಿಲ್ಲ. ಬೆಳಗಿನ ಮಳೆ ಲೆಕ್ಕದ ಜೊತೆಗೇ ಕೂತರೆ ಹೊತ್ತು ಹುಡುಕುವ ಕೆಲಸವೂ ಇಲ್ಲ.

ಅಕ್ಟೋಬರ್ ನಡುವಿನ ತುಲಾ ಸಂಕ್ರಮಣ ಕಳೆದು ಬಿಸಿಲು ನಿಂತ ಮೇಲೆ ಪುಸ್ತಕವನ್ನು ಹೊರಗೆ ತೆಗೆಯಿರಿ. ನೇರ ಬಿಸಿಲಿಗೆ ಶಾಯಿ ಮಾಸುತ್ತದೆ. ಜಗಲಿಯ ನೆರಳಿನಲ್ಲಿ, ಗಾಳಿ ಆಡುವ ಕಡೆ, ಪುಟಗಳನ್ನು ಬಿಡಿಸಿ ನಿಲ್ಲಿಸಿ. ಒಣಗುವ ಆ ಒಂದೆರಡು ಗಂಟೆಯೇ ಹಳೆಯ ಪುಟ ಓದುವ ಸಮಯ. ಕೈಯಲ್ಲಿ ಕೆಂಪು ಪೆನ್ಸಿಲ್ ಇರಲಿ. ಹಳೆಯ ಸಾಲನ್ನು ತಿದ್ದದೆ, ಅಂಚಿನಲ್ಲಿ ಇಂದಿನ ತಾರೀಕು ಹಾಕಿ ಈಗ ಕಾಣುವುದನ್ನು ಒಂದು ಸಾಲು ಬರೆಯಿರಿ.