ಆಯಾಗಳ ಸಂಬಳ ನಿಗದಿಯಾಗುವುದು ಹೇಗೆ: ಪೈಪೋಟಿ ಮಾರುಕಟ್ಟೆಯ ಟಿಪ್ಪಣಿ

ಬೇಡಿಕೆ, ಪೂರೈಕೆ ರೇಖೆ ಕೂಡುವ ಕಡೆ ಕೂಲಿ ನಿಲ್ಲುತ್ತದೆ. ಅದು ಗೊತ್ತಿರುವುದೇ, ಬಿಡಿ. ತೊಡಕು ಮುಂದಿನ ಸಾಲಿನಲ್ಲಿದೆ: ಕೂಲಿ = ಸೀಮಾಂತ ಉತ್ಪನ್ನದ ಮೌಲ್ಯ, ಅಂದರೆ ಇನ್ನೊಬ್ಬರು ಕೆಲಸಕ್ಕೆ ಸೇರಿದಾಗ ಹೆಚ್ಚಾಗುವ ಆದಾಯ. ಹಾಗಾದರೆ ಮಾಲೀಕರು ಒಬ್ಬೊಬ್ಬ ಆಯಾ ಎಷ್ಟು ದುಡಿದುಕೊಟ್ಟರು ಅಂತ ಅಳೆದು ಅಷ್ಟೇ ಕೊಡುತ್ತಾರಾ? ಇಲ್ಲ.

ತುಮಕೂರಿನಲ್ಲಿ ಒಂದು ವೃದ್ಧಾಶ್ರಮ ಅಂದುಕೊಳ್ಳಿ. ಸಂಖ್ಯೆಗಳೆಲ್ಲ ಸುಮ್ನೆ ಲೆಕ್ಕಕ್ಕೆ. ಆಯಾಗಳ ಸಂಬಳ ಬಿಟ್ಟು ಊಟ, ಬಾಡಿಗೆ ಎಲ್ಲ ಕಳೆದು ಒಬ್ಬ ಹಿರಿಯರಿಂದ ತಿಂಗಳಿಗೆ 5,000 ರೂಪಾಯಿ ಉಳಿಯುತ್ತದೆ. ಮೊದಲ ಆಯಾ ಬಂದರೆ 4 ಜನರನ್ನು ನೋಡಿಕೊಳ್ಳಬಹುದು. ಎರಡನೆಯವರಿಂದ ಇನ್ನೂ 3, ಮೂರನೆಯವರಿಂದ 2, ನಾಲ್ಕನೆಯವರಿಂದ 1. ಹೀಗೆ ಇಳಿಯುವುದು ನಾಲ್ಕನೆಯವರು ಕೆಲಸ ಕದಿಯುತ್ತಾರೆ ಅಂತಲ್ಲ, ಕೋಣೆ, ಮಂಚ, ಬಚ್ಚಲು ಇರುವುದೇ ಅಷ್ಟು. ಸೀಮಾಂತ ಮೌಲ್ಯ: 20,000, 15,000, 10,000, 5,000.

ಊರಲ್ಲಿ ನಡೆಯುವ ಸಂಬಳ 10,000 ಇದ್ದರೆ ಆಶ್ರಮ ಮೂವರನ್ನು ಇಟ್ಟುಕೊಳ್ಳುತ್ತದೆ. ನಾಲ್ಕನೆಯವರನ್ನು ಕರೆದರೆ 5,000 ನಷ್ಟ. ಇಲ್ಲಿ ನಿಲ್ಲಿ. 10,000 ಅಂತ ಆಶ್ರಮ ತೀರ್ಮಾನಿಸಲಿಲ್ಲ, ಅದು ಹೊರಗಿನಿಂದ ಬಂತು. ಆಶ್ರಮ ತೀರ್ಮಾನಿಸಿದ್ದು ಎಷ್ಟು ಜನ ಅನ್ನುವುದನ್ನು ಮಾತ್ರ. ಎಷ್ಟು ಜನ ಬೇಕಾದರೂ ಅದೇ ಸಂಬಳಕ್ಕೆ ಸಿಗುತ್ತಾರೆ, ಅದಕ್ಕೇ ಒಂದು ಸಂಸ್ಥೆಯ ಚಿತ್ರದಲ್ಲಿ ಆಯಾಗಳ ಪೂರೈಕೆ ರೇಖೆಯನ್ನು ಅಡ್ಡಕ್ಕೆ ನೇರವಾಗಿ ಎಳೆಯುವುದು.

ಸರಿ, 20,000 ತಂದುಕೊಟ್ಟ ಮೊದಲನೆಯವರಿಗೂ 10,000 ಯಾಕೆ? ಅವರು ಬಿಟ್ಟುಹೋದರೆ ಏನಾಗುತ್ತದೆ ನೋಡಿ. ಮೂವರು 9 ಜನರನ್ನು ನೋಡಿಕೊಳ್ಳುತ್ತಿದ್ದರು, ಉಳಿದ ಇಬ್ಬರು 7 ಜನರನ್ನು ನೋಡಿಕೊಳ್ಳುತ್ತಾರೆ. ಕಳೆದುಹೋಗಿದ್ದು 4 ಅಲ್ಲ, 2. ಅಂದರೆ 10,000. ಕೆಲಸ ಸಮಾನವಾಗಿ ಬಲ್ಲವರಲ್ಲಿ ಯಾರು ಹೋದರೂ ಇಷ್ಟೇ. ಲೆಕ್ಕದಲ್ಲಿ ಸಿಕ್ಕಿಕೊಂಡಾಗಲೆಲ್ಲ ‘ಒಬ್ಬರು ಬಿಟ್ಟುಹೋದರೆ ಎಷ್ಟು ಕಡಿಮೆಯಾಗುತ್ತದೆ?’ ಅಂತ ಕೇಳಿಕೊಳ್ಳಿ, ಉತ್ತರ ಸಿಗುತ್ತದೆ.

ಹಾಸಿಗೆ ಹಿಡಿದವರ ಸೇವೆಗೆ ಬೆಲೆ ಕಟ್ಟಲಾಗದು ಅಂತೀವಿ, ಸಂಬಳ ಮಾತ್ರ ಅಷ್ಟೇ ಇರುತ್ತದೆ, ಅಲ್ವಾ? ಮಾರುಕಟ್ಟೆ ಒಟ್ಟು ಆರೈಕೆಯ ಬೆಲೆಯನ್ನು ಅಳೆಯುವುದೇ ಇಲ್ಲ, ಕೊನೆಗೆ ಸೇರಿದ ಒಬ್ಬರಿಂದ ಬಂದದ್ದನ್ನು ಅಳೆಯುತ್ತದೆ. ನನಗೆ ಇದು ಸಂಕಟ ತರುವ ಉತ್ತರ, ಆದರೂ ಮಾದರಿ ಹೇಳುವುದು ಇದನ್ನೇ.

ಇನ್ನು ಆ 10,000 ಬಂದದ್ದು ಎಲ್ಲಿಂದ? ಆಯಾ ಆಗಬಲ್ಲವರಿಗೆ ಬೇರೆ ದಾರಿಯೂ ಇದೆ: ತುಮಕೂರಿನ ವಸಂತನರಸಾಪುರ, ಕೋಲಾರದ ನರಸಾಪುರದ ಕಾರ್ಖಾನೆ, ಗಾರ್ಮೆಂಟ್ಸ್, ಬೆಂಗಳೂರಿನ ಬೆಳಗಿನ ರೈಲು. ಅಲ್ಲಿ ಜಾಸ್ತಿ ಸಿಕ್ಕರೆ ಆಯಾಗಳ ಪೂರೈಕೆ ರೇಖೆ ಎಡಕ್ಕೆ ಸರಿಯುತ್ತದೆ, ಸಂಬಳ ಏರುತ್ತದೆ. 15,000 ಆಯಿತು ಅನ್ನಿ. ಆಶ್ರಮ ಇಬ್ಬರಿಗೆ ಇಳಿಯಬೇಕು, ಇಲ್ಲವೇ ತಲೆಗೆ ಉಳಿಯುವುದು 7,500 ಆಗುವಷ್ಟು ಶುಲ್ಕ ಏರಿಸಬೇಕು. ಒಬ್ಬ ಆಯಾ ನೋಡಿಕೊಳ್ಳುವ ಹಿರಿಯರ ಸಂಖ್ಯೆ ಹೆಚ್ಚದಿದ್ದರೂ ಸಂಬಳ ಏರುವ ಈ ಸಂಗತಿಯನ್ನು 1960ರ ದಶಕದಲ್ಲಿ ಅರ್ಥಶಾಸ್ತ್ರಜ್ಞ ವಿಲಿಯಂ ಬೌಮೊಲ್ ವಿವರಿಸಿದರು.

ಊರಿಗೆಲ್ಲ ಒಂದೇ ಆಶ್ರಮ ಇದ್ದರೆ ಈ ಲೆಕ್ಕ ನಡೆಯದು. ಅದು ಮೊನೊಪ್ಸೊನಿ, ಅಂದರೆ ಕೆಲಸ ಕೊಡುವವರು ಒಬ್ಬರೇ ಇರುವ ಮಾರುಕಟ್ಟೆ; ಅಲ್ಲಿ ಕೂಲಿ ಸೀಮಾಂತ ಮೌಲ್ಯಕ್ಕಿಂತ ಕೆಳಗೆ ನಿಲ್ಲಬಹುದು. ಆಶಾ, ಅಂಗನವಾಡಿ ಕಾರ್ಯಕರ್ತೆಯರನ್ನೂ ಈ ಚಿತ್ರಕ್ಕೆ ಎಳೆಯಬೇಡಿ, ಅವರ ಗೌರವಧನ ಗೊತ್ತುಮಾಡುವುದು ಸರ್ಕಾರ.